ಗವರ್ನರ್ ಬಿಡಿ, ಉಗ್ರಾಣ ನೋಡಿ: 1790ರ ಸಿಡ್ನಿಯನ್ನು ಓದುವ ಬಗೆ

ಬ್ರಿಟಿಷ್ ವಸಾಹತುಗಳ ಇತಿಹಾಸ ಓದಲು ಕೂತರೆ ಮೊದಲು ಸಿಗುವುದು ಬಾವುಟ ಹಾರಿಸಿದ ದಿನ, ಗವರ್ನರ್ ಹೆಸರು. ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ. ಒಂದೇ ಒಂದು ವರ್ಷ ಹಿಡಿದುಕೊಂಡು, ಆ ವರ್ಷ ಜನ ಏನು ತಿಂದರು ಅಂತ ಹುಡುಕಿ. ಉಳಿದದ್ದೆಲ್ಲ ತಾನಾಗಿಯೇ ಹಿಂದೆ ಬರುತ್ತದೆ. ನಾನು ಹಿಡಿದದ್ದು 1790. ಸಿಡ್ನಿಯಲ್ಲಿ ಕೈದಿಗಳನ್ನು ಇಳಿಸಿ ಎರಡು ವರ್ಷವಾಗಿತ್ತು, ಬೆಳೆ ಕೈಕೊಟ್ಟಿತ್ತು.

ಮೊದಲು ರೇಷನ್ ಲೆಕ್ಕ. ಆ ಏಪ್ರಿಲ್‌ನಿಂದ ದೊಡ್ಡವರಿಗೆ ವಾರಕ್ಕೆ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಉಪ್ಪು ಹಾಕಿದ ಹಂದಿಮಾಂಸ. ಗವರ್ನರ್ ಆರ್ಥರ್ ಫಿಲಿಪ್‌ಗೂ ಅಷ್ಟೇ, ಕೈದಿಗೂ ಅಷ್ಟೇ. ಪೌಂಡ್ ಅಂದರೆ ತಲೆಗೆ ಹೋಗಲ್ಲ ಅಲ್ವಾ? ಅಡುಗೆಮನೆಗೆ ಹೋಗಿ 130 ಗ್ರಾಂ ಅಕ್ಕಿ ತೂಗಿ ತಟ್ಟೆಗೆ ಹಾಕಿ. ಅದು ಒಂದು ದಿನದ ಪಾಲು. ಅದೂ ಹುಳ ಹಿಡಿದ ಅಕ್ಕಿ, ಒಂದೊಂದು ಕಾಳೂ ಓಡಾಡುತ್ತಿತ್ತು ಅಂತ ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಮಾಂಸ ಉಪ್ಪಿನಲ್ಲಿ ಮೂರು ವರ್ಷಕ್ಕಿಂತ ಜಾಸ್ತಿ ಕೂತದ್ದು. ದಿನದ ತುಂಡನ್ನು ಫೋರ್ಕಿಗೆ ಚುಚ್ಚಿ ಬೆಂಕಿಗೆ ಹಿಡಿದು, ತೊಟ್ಟಿಕ್ಕುವ ಕೊಬ್ಬನ್ನು ಕೆಳಗಿಟ್ಟ ಅನ್ನದ ಮೇಲೆ ಬೀಳಿಸಿಕೊಳ್ಳುತ್ತಿದ್ದರಂತೆ. ಗವರ್ನರ್ ಮನೆಗೆ ಊಟಕ್ಕೆ ಕರೆದರೂ ಬ್ರೆಡ್ ನೀವೇ ಕಟ್ಟಿಕೊಂಡು ಹೋಗಬೇಕು.

ಆಮೇಲೆ ಹಡಗುಗಳದ್ದೊಂದು ಪಟ್ಟಿ ಮಾಡಿ. ಬಂದವು ಮಾತ್ರ ಅಲ್ಲ, ಬರದೇ ಹೋದವನ್ನೂ ಬರೆಯಿರಿ. ಸಾಮಾನು ತರುತ್ತಿದ್ದ ಗಾರ್ಡಿಯನ್ 1789ರ ಡಿಸೆಂಬರ್‌ನಲ್ಲೇ ಹಿಮಗಡ್ಡೆಗೆ ಬಡಿದಿತ್ತು, ಸಿಡ್ನಿಯವರು ಅದು ಗೊತ್ತಿಲ್ಲದೆ ಕಾಯುತ್ತಲೇ ಇದ್ದರು. ಮಾರ್ಚ್ 19ಕ್ಕೆ ನಾರ್ಫೋಕ್ ದ್ವೀಪದಲ್ಲಿ ಸೀರಿಯಸ್ ಎಂಬ ಹಡಗು ಒಡೆಯಿತು. ಉಳಿದದ್ದು ಸಪ್ಲೈ ಎಂಬ ಹಡಗು ಒಂದೇ, ಅದನ್ನೂ ಏಪ್ರಿಲ್‌ನಲ್ಲಿ ದಿನಸಿ ತರಲು ಬಟೇವಿಯಾಕ್ಕೆ (ಈಗಿನ ಜಕಾರ್ತಾ) ಕಳಿಸಿದರು. ಜೂನ್‌ನಲ್ಲಿ ಕೊನೆಗೂ ಇಂಗ್ಲೆಂಡಿನ ಹಡಗುಗಳು ಬಂದವು, ಆದರೆ ತುಂಬಿದ್ದು ಜಾಸ್ತಿ ಕೈದಿಗಳೇ. ಸುಮಾರು ಸಾವಿರ ಜನರಲ್ಲಿ 250ಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಸತ್ತಿದ್ದರು. ಇಲ್ಲಿ ಸ್ವಲ್ಪ ನಿಂತು, ದುಡ್ಡು ಹೇಗೆ ಕೊಟ್ಟರು ಅಂತ ನೋಡಿ. ಗುತ್ತಿಗೆದಾರರಿಗೆ ಹಡಗು ಹತ್ತಿಸಿಕೊಂಡ ತಲೆಯ ಲೆಕ್ಕದಲ್ಲಿ ಹಣ, ಜೀವಂತ ಇಳಿಸಿದ ಲೆಕ್ಕದಲ್ಲಿ ಅಲ್ಲ. ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇದಾದ ಮೇಲೆ, ಅದೇ ಊಟದ ಕಣ್ಣಿನಿಂದ ಆ ನೆಲದ ಜನರನ್ನು ಹುಡುಕಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಹಿಂದಿನ ವರ್ಷ ಸಿಡುಬು ಅವರಲ್ಲಿ ಎಷ್ಟೋ ಮಂದಿಯನ್ನು ಕೊಂದಿತ್ತು. ಬೆನೆಲಾಂಗ್ ಎಂಬಾತನನ್ನು ಬಿಳಿಯರು ಹಿಡಿದಿಟ್ಟುಕೊಂಡಿದ್ದರು. ವಾರದ ರೇಷನ್ ಅವನಿಗೆ ಒಂದು ದಿನಕ್ಕೂ ಸಾಲುತ್ತಿರಲಿಲ್ಲ. ಉಗ್ರಾಣ ಖಾಲಿ ಅಂತ ಗೊತ್ತಾದರೆ ತನ್ನವರಿಗೆ ಹೇಳಿಬಿಡುತ್ತಾನೆ ಅನ್ನೋ ಭಯಕ್ಕೆ, ತಾವು ಹಸಿದಿದ್ದು ಅವನಿಗೆ ತಿನ್ನಿಸಿ ಕೊರತೆ ಮುಚ್ಚಿಟ್ಟರು. ಮೇ ತಿಂಗಳಲ್ಲಿ ಅವನು ತಪ್ಪಿಸಿಕೊಂಡ. ಸೆಪ್ಟೆಂಬರ್ 7ಕ್ಕೆ ಮ್ಯಾನ್ಲಿಯಲ್ಲಿ ದಡಕ್ಕೆ ಬಿದ್ದ ತಿಮಿಂಗಿಲದ ಸುತ್ತ ಜನ ಸೇರಿದ್ದಾಗ ಫಿಲಿಪ್ ಅವನನ್ನು ನೋಡಲು ಹೋಗಿ ಹೆಗಲಿಗೆ ಈಟಿ ತಿಂದ, ಆದರೂ ಸೇಡು ಬೇಡ ಅಂದ. ಡಿಸೆಂಬರ್‌ನಲ್ಲಿ ಆ ನೆಲದವನೇ ಆದ ಪೆಮುಲ್‌ವೈ ಎಂಬಾತ ಫಿಲಿಪ್‌ನ ಬೇಟೆಗಾರನಿಗೆ ಈಟಿ ಎಸೆದಾಗ ಮಾತ್ರ ಫಿಲಿಪ್ ಸೈನಿಕರನ್ನೇ ಕಳಿಸಿದ. ಅವರು ಬರಿಗೈಲಿ ವಾಪಸ್ ಬಂದರು.

ಒಂದು ಎಚ್ಚರಿಕೆ: ಇದೆಲ್ಲ ಬರೆದಿಟ್ಟವರು ಅಧಿಕಾರಿಗಳು. ಬೆನೆಲಾಂಗ್ ಏನು ಯೋಚಿಸಿದ ಅಂತ ಅವರು ಬರೆದರೆ, ಅದು ಅವರ ಊಹೆ ಅಂತಲೇ ಓದಿ.

ರುಚಿ ಹತ್ತಿದರೆ 1792 ಹಿಡಿಯಿರಿ. ಆ ಜೂನ್‌ನಲ್ಲಿ ಅಟ್ಲಾಂಟಿಕ್ ಹಡಗು ಕಲ್ಕತ್ತಾದಿಂದ ಸಿಡ್ನಿಗೆ ದಿನಸಿ ತಂದಿತು: ಅಕ್ಕಿ, ಬೇಳೆ, ಜೊತೆಗೆ 'ಸೂಜಿ' ಅಂತ ಬರೆದಿರುವ ಇನ್ನೊಂದು ಸಾಮಾನು. ನಮ್ಮ ರವೆಯೇ ಅದು.