ಮಕ್ಕಳಿಗೆ ಓದಿ ಹೇಳುತ್ತಲೇ ಕರಡು ತಿದ್ದಿದೆ

ಮಕ್ಕಳಿರುವ ಮನೆಯಲ್ಲಿ ಕರಡು ತಿದ್ದುವ, ಅಂದರೆ ಅಚ್ಚಿಗೆ ಹೋಗುವ ಮುನ್ನ ಪುಸ್ತಕದ ತಪ್ಪು ಹುಡುಕಿ ಸರಿಪಡಿಸುವ ಕೆಲಸ ಆಗದು ಎಂದು ನನಗೆ ಹೇಳದವರಿಲ್ಲ. ಈ ವೃತ್ತಿಯಲ್ಲೇ ತಲೆ ನರೆತ ಹಿರಿಯರೊಬ್ಬರು, "ಬಾಗಿಲು ಹಾಕಿಕೊಳ್ಳುವಂಥ ಕೋಣೆ ಇದೆಯೇ? ಇಲ್ಲದಿದ್ದರೆ ಕೈ ಹಾಕಬೇಡಿ" ಎಂದಿದ್ದರು. ಅಂಥ ಕೋಣೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಎರಡೂವರೆ ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಪುಸ್ತಕಗಳು ನನ್ನ ಕೈದಾಟಿ ಹೋಗಿವೆ. ಕಳೆದ ವರ್ಷದವುಗಳಲ್ಲಿ ಒಂದಕ್ಕೂ ತಪ್ಪು ಒಪ್ಪುಗಳ ಪಟ್ಟಿ ಅಂಟಿಸಬೇಕಾಗಿ ಬಂದಿಲ್ಲ. ಅದೇ ಹಿರಿಯರು ಈಗ ತಮಗೆ ಒಪ್ಪಿಕೊಳ್ಳಲಾಗದ ಕೆಲಸವನ್ನು ನನಗೆ ಕಳುಹಿಸುತ್ತಾರೆ.

ಮೊದಲು ಸೋತ ಕಥೆ. ಮಗ ಹುಟ್ಟಿದ ಮೇಲೆ ಹೆಂಡತಿಯ ಕೆಲಸ ಉಳಿಸಿಕೊಳ್ಳೋಣ, ನನ್ನದನ್ನು ಬಿಡೋಣ ಎಂದು ಇಬ್ಬರೂ ಕೂತು ತೀರ್ಮಾನಿಸಿದೆವು. ಅವನಿಗೆ ಎರಡೂವರೆ ತುಂಬಿದಾಗ ಮೊದಲ ಪುಸ್ತಕ ಬಂತು. ಇನ್ನೂರು ಚಿಲ್ಲರೆ ಪುಟ, ಪುಟಕ್ಕೆ 12 ರೂಪಾಯಿ. ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತೂವರೆಗೆ ಕೂತು ಒಂದೂವರೆಯವರೆಗೆ ಪರದೆಯ ಮೇಲೆಯೇ ತಿದ್ದಿದೆ. ಒಳಗಿನ ಸಾಲುಗಳೆಲ್ಲ ಸ್ವಚ್ಛವಾಗಿದ್ದವು. ಆದರೆ ಒಂದು ಅಧ್ಯಾಯದ ಹೆಸರು 'ಮಧ್ಯರಾತ್ರಿ' ಎನ್ನುವುದು 'ಮದ್ಯರಾತ್ರಿ' ಆಗಿ, ಪುಟದ ನೆತ್ತಿಯಲ್ಲಿ ಹದಿನಾಲ್ಕು ಕಡೆ ಅಚ್ಚಾಗಿ ಬಂತು. ದೊಡ್ಡ ಅಕ್ಷರವನ್ನು ಕಣ್ಣು ಓದುವುದಿಲ್ಲ, ನೋಡಿ ದಾಟುತ್ತದೆ. ಪ್ರಕಾಶಕರು ಅರ್ಧ ಹಣ ಹಿಡಿದುಕೊಂಡರು. ನಾನು ವಾದಿಸಲಿಲ್ಲ. ಮೊದಲ ಆರು ತಿಂಗಳಲ್ಲಿ ಕೈಗೆ ಬಂದದ್ದು ಹೆಚ್ಚೆಂದರೆ 13,000 ರೂಪಾಯಿ. ಅದರಲ್ಲಿ ಪ್ರಿಂಟರ್ ಒಂದಕ್ಕೇ 11,000 ಹೋಯಿತು.

ಯಂತ್ರ ಕೊಂಡದ್ದಕ್ಕೆ ಇಂದಿಗೂ ಬೇಸರವಿಲ್ಲ. ಕಾಗದದ ಮೇಲೆ ಕಾಣುವ ತಪ್ಪು ಪರದೆಯ ಮೇಲೆ ಕಾಣುವುದಿಲ್ಲ ಎನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದೇ. ಒಂದು ಮಗ್ಗುಲು ಖಾಲಿಯಿರುವ ಹಳೆಯ ಹಾಳೆಗಳನ್ನೇ ಬಳಸುತ್ತೇನೆ.

ದಾರಿ ತೋರಿದ್ದು ಮಗಳು. ಆಗ ಅವಳಿಗೆ ಎಂಟು ವರ್ಷ. ಒಂದು ಸಂಜೆ ಕೆಲಸ ಮುಗಿದಿರಲಿಲ್ಲ, ಇಬ್ಬರೂ ಕಥೆ ಹೇಳು ಎಂದು ಮೈಮೇಲೆ ಬಿದ್ದಿದ್ದರು. ಕೈಯಲ್ಲಿದ್ದ ಜನಪದ ಕಥೆಗಳ ಕರಡನ್ನೇ ಜೋರಾಗಿ ಓದತೊಡಗಿದೆ. ಎರಡನೆಯ ಪುಟದಲ್ಲಿ ಅವಳು, "ಅಪ್ಪಾ, ಈ ಸಾಲನ್ನು ಈಗ ತಾನೇ ಓದಿದೆಯಲ್ಲ?" ಎಂದಳು. ನೋಡಿದರೆ ಪುಟವಿನ್ಯಾಸದಲ್ಲಿ ಇಡೀ ಸಾಲು ಎರಡು ಸಲ ಕೂತಿತ್ತು. ಅದೇ ಪುಟವನ್ನು ನಾನು ಹಿಂದಿನ ರಾತ್ರಿ ತಿದ್ದಿ 'ಸರಿ' ಎಂದು ಗುರುತು ಹಾಕಿದ್ದೆ.

ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲದ ಅಚ್ಚುಕೂಟಗಳಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗುವುದು ವಾಡಿಕೆಯಾಗಿತ್ತು. ಆ ಇನ್ನೊಬ್ಬರು ನಮಗೆಲ್ಲಿ ಸಿಗುತ್ತಾರೆ? ನನಗೆ ಮನೆಯಲ್ಲೇ ಸಿಕ್ಕರು. ಸಂಜೆ ಏಳರಿಂದ ಎಂಟರವರೆಗೆ ಒಂದು ಫಾರಂ, ಅಂದರೆ 16 ಪುಟ. ಮಕ್ಕಳಿಗೆ ಒಗ್ಗುವ ಪುಸ್ತಕವಾದರೆ ಮಾತ್ರ. ಕಥೆ, ಪ್ರವಾಸ, ಜೀವನಚರಿತ್ರೆಗಳು ಚೆನ್ನಾಗಿ ಸಾಗುತ್ತವೆ. ಸಂಶೋಧನ ಪ್ರಬಂಧವನ್ನು ಅವರ ಮೇಲೆ ಹೇರುವುದಿಲ್ಲ, ಅದನ್ನು ಬೆಳಗಿನ ನಾಲ್ಕೂವರೆಗೆ ಎದ್ದು ಒಬ್ಬನೇ ಗೋಡೆಗೆ ಓದುತ್ತೇನೆ.

ಇಲ್ಲೊಂದು ತೊಡಕಿತ್ತು. ಬಿಟ್ಟುಹೋದ ಪದ, ಎರಡು ಸಲ ಬಂದ ಸಾಲು, ತಪ್ಪಿದ ವಿಭಕ್ತಿ ಎಲ್ಲ ಕಿವಿಗೆ ಸಿಗುತ್ತವೆ. ಮಹಾಪ್ರಾಣ ಸಿಗುವುದಿಲ್ಲ. ಬಾಯಲ್ಲಿ ನಾವು ಬುದ್ಧಿಯನ್ನೂ ಬುದ್ದಿ ಎಂದೇ ಹೇಳುತ್ತೇವೆ. ಹಾಗಾಗಿ ಮಹಾಪ್ರಾಣ ಬಂದಾಗಲೆಲ್ಲ ಎದೆಯಿಂದ ಉಸಿರು ತಳ್ಳಿ ಓದುವ ಅಭ್ಯಾಸ ಮಾಡಿಕೊಂಡೆ. ಮಗ ತನ್ನ ಅಂಗೈಯನ್ನು ನನ್ನ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿಯುತ್ತಾನೆ. ಗಾಳಿ ತಾಗಿದರೆ "ಬಂತು" ಎನ್ನುತ್ತಾನೆ. 'ಪದ್ದತಿ' ಎಂದು ಅಚ್ಚಾದಲ್ಲಿ ಅವನು ಸುಮ್ಮನಿರುತ್ತಾನೆ, ಪಕ್ಕದಿಂದ ಅವನ ಅಕ್ಕ "ಪದ್ಧತಿಗೆ ಗಾಳಿ ಬೇಕಲ್ಲ?" ಎನ್ನುತ್ತಾಳೆ. 'ಸಂಧರ್ಭ', 'ಜವಾಬ್ಧಾರಿ'ಗಳಲ್ಲಿ ಬೇಡದ ಕಡೆ ಗಾಳಿ ಬಂದುಬಿಡುತ್ತದೆ, ಅದೂ ಸಿಕ್ಕಿಬೀಳುತ್ತದೆ. ಅನುಮಾನ ಬಂದರೆ ನಿಘಂಟು ತೆಗೆಯುವುದು ಮಗಳ ಹಕ್ಕು, ನಾನು ಮುಟ್ಟುವಂತಿಲ್ಲ.

ನಡುವೆ ಮೊಬೈಲ್‌ನಿಂದ ಓದಿಸಿಯೂ ನೋಡಿದೆ. ಒಂದು ತಿಂಗಳು ಪ್ರಯತ್ನಿಸಿ ಕೈಬಿಟ್ಟೆ. ಅದರ ದನಿ ಎಲ್ಲ ವಾಕ್ಯಕ್ಕೂ ಒಂದೇ, ಹತ್ತು ನಿಮಿಷಕ್ಕೆ ಗಮನ ಜಾರುತ್ತದೆ. ಒಂದು ಉಪಕಾರ ಮಾತ್ರ ಆಯಿತು. ಕೆಲವು ಪದಗಳಲ್ಲಿ ಅದು ವಿನಾಕಾರಣ ತಡವರಿಸುತ್ತಿತ್ತು. ಹುಡುಕಿದರೆ ಅಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಬೆರಳಚ್ಚಾಗಿತ್ತು. 'ಧರ್ಮ'ದ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಇತ್ತು. ಕಣ್ಣಿಗೆ ಎರಡೂ ಒಂದೇ, ಕಿವಿಗೆ ಮನುಷ್ಯ ಓದಿದರೆ ಎರಡೂ ಒಂದೇ. ಆದರೆ ಪುಸ್ತಕ ಮುಂದೆ ಇ-ಪುಸ್ತಕವಾದಾಗ 'ಧರ್ಮ' ಎಂದು ಹುಡುಕಿದರೆ ಸಿಗುವುದಿಲ್ಲ. ಈಗ ಕಡತ ಬಂದ ಕೂಡಲೇ ಅಕ್ಷರಕ್ಕೆ ಅಂಟಿಕೊಂಡ ೦ ಮತ್ತು ೯ ಅಂಕಿಗಳನ್ನು ಮೊದಲು ಹುಡುಕಿ ತೆಗೆಯುತ್ತೇನೆ. ಇದಾದ ಮೇಲೆ ಇನ್ನೂ ಮೂರು ಹುಡುಕಾಟಗಳಿವೆ. ಅವು ನನ್ನ ಅನ್ನದ ವಿಷಯ, ಇಲ್ಲಿ ಬರೆಯುವುದಿಲ್ಲ.

ಹಣದ ಮಾತು ಪೂರ್ತಿ ಹೇಳಿಬಿಡುತ್ತೇನೆ. ಎರಡನೆಯ ವರ್ಷ ಪುಟಕ್ಕೆ 20 ರೂಪಾಯಿ ಕೇಳಿದೆ. ಇಬ್ಬರು ಪ್ರಕಾಶಕರು ಬಿಟ್ಟುಹೋದರು, ಒಬ್ಬರು ನಾಲ್ಕು ತಿಂಗಳಿಗೆ ವಾಪಸು ಬಂದರು. ಬೆಳಗಿನದು, ಸಂಜೆಯದು ಸೇರಿ ದಿನಕ್ಕೆ ಎರಡು ಫಾರಂ, ತಿಂಗಳಿಗೆ ಇಪ್ಪತ್ತೈದು ದಿನ. 16,000 ರೂಪಾಯಿಯ ಆಸುಪಾಸು. ಹಿಂದಿನ ಸಂಬಳಕ್ಕಿಂತ ಕಡಿಮೆಯೇ. ಆದರೆ ಆಗ ಮಗುವನ್ನು ನೋಡಿಕೊಳ್ಳಲು, ಓಡಾಡಲು ಆಗುತ್ತಿದ್ದ ಖರ್ಚು ಕಳೆದರೆ ಹೆಚ್ಚು ವ್ಯತ್ಯಾಸವಿಲ್ಲ. ಅರ್ಧ ಹಣ ಮುಂಗಡ ಬಾರದೆ ಕರಡು ತೆರೆಯುವುದಿಲ್ಲ. ಇದನ್ನು ಕಲಿಯಲು ಇನ್ನೂ ಬಾರದ 7,000 ರೂಪಾಯಿ ತೆರಬೇಕಾಯಿತು.

ಈ ಕೆಲಸ ಕಸಿದುಕೊಂಡದ್ದೂ ಒಂದಿದೆ. ಸುಮಾರು ಒಂದು ವರ್ಷ ನನಗಾಗಿ ಒಂದು ಪುಸ್ತಕವನ್ನೂ ಓದಲಾಗಲಿಲ್ಲ. ಕಾದಂಬರಿ ಹಿಡಿದರೆ ಕೈ ಪೆನ್ಸಿಲ್ ಹುಡುಕುತ್ತಿತ್ತು, ಕಥೆ ಒಳಗೆ ಇಳಿಯುತ್ತಿರಲಿಲ್ಲ. ಅದು ನನಗೆ ನಿಜವಾದ ದುಃಖವಾಗಿತ್ತು, ಓದುವ ಪ್ರೀತಿಯಿಂದಲೇ ಅಲ್ಲವೇ ಈ ಕೆಲಸಕ್ಕೆ ಬಂದದ್ದು? ಈಗ ಮಗಳ ಸಂಗೀತ ಪಾಠದ ಹೊರಗಿನ ಮೆಟ್ಟಿಲ ಮೇಲೆ ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಕೂತು ಓದುತ್ತೇನೆ. ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವುದಿಲ್ಲ. ಆರೇಳು ವಾರ ಕಷ್ಟವಾಯಿತು, ಆಮೇಲೆ ಓದು ಮರಳಿ ಬಂತು.

ಮುಂದಿನ ಯೋಜನೆ ಪದಸೂಚಿ, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿ, ತಯಾರಿಸುವುದು. ನಮ್ಮ ಎಷ್ಟೋ ಒಳ್ಳೆಯ ವಿಚಾರ ಗ್ರಂಥಗಳ ಕೊನೆಯಲ್ಲಿ ಸೂಚಿಯೇ ಇರುವುದಿಲ್ಲ. ಹೇಗೂ ಪ್ರತಿ ಸಾಲನ್ನೂ ಓದುತ್ತೇವೆ, ಆಗಲೇ ಚೀಟಿ ಬರೆದಿಟ್ಟರೆ ಕೆಲಸದ ಮುಕ್ಕಾಲು ಪಾಲು ಮುಗಿದಂತೆ. ಮೊನ್ನೆ 340 ಪುಟಗಳ ಒಂದು ಇತಿಹಾಸ ಗ್ರಂಥಕ್ಕೆ ಒಪ್ಪಿಕೊಂಡಿದ್ದೇನೆ, ಸೂಚಿಗೆ ಬೇರೆ ಹಣ. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವುದು ತನ್ನ ಕೆಲಸ ಎಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ. 'ಕ್ಷ' ಎಲ್ಲಿ ಬರಬೇಕು ಎಂಬುದರ ಬಗ್ಗೆ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ.