ನ್ಯೂಜಿಲೆಂಡ್ ಶಾಲೆಯ ಕ್ಯಾಂಪ್: ಫಾರಂನಲ್ಲಿ ಕಾಯಿಲೆ ಮುಚ್ಚಿಡಬೇಡಿ

ಹೋದ ವಾರ ಚಿತ್ರದುರ್ಗದ ನನ್ನ ಚಿಕ್ಕಪ್ಪನ ಮಗಳು ಇಲ್ಲೇ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಿಂದ ಫೋನ್ ಮಾಡಿದ್ದಳು. ಅವಳ ಮಗನ ಶಾಲೆಯವರು ನಾಲ್ಕು ದಿನ ಕಾಡಿನ ಕ್ಯಾಂಪಿಗೆ ಹೊರಟಿದ್ದಾರೆ. "ಅಕ್ಕಾ, ಇವನಿಗೆ ಥಂಡಿಯಾದ್ರೆ ಉಬ್ಬಸ ಬರುತ್ತಲ್ಲ, ಅದನ್ನ ಫಾರಂನಲ್ಲಿ ಬರೀಬೇಡ, ಬರೆದ್ರೆ ಬಿಟ್ಟು ಹೋಗ್ತಾರೆ ಅಂತಿದಾರೆ ಅತ್ತೆ. ಏನ್ಮಾಡ್ಲಿ?"

ಆರು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ ತಪ್ಪು.

ನನ್ನ ಮಗಳಿಗೆ ಆಗ ಹತ್ತು ವರ್ಷ. ಅವಳ ಕ್ಯಾಂಪಿನ ಫಾರಂನಲ್ಲಿ ಆಸ್ತಮಾ ಇದೆಯಾ ಅನ್ನುವ ಕಡೆ "ಇಲ್ಲ" ಅಂತ ಟಿಕ್ ಹಾಕಿದೆ. ದಾವಣಗೆರೆಯ ಮೆಡಿಕಲ್ ಶಾಪಿನಿಂದ ತಂದಿದ್ದ ಇನ್‌ಹೇಲರ್ ಅನ್ನು ಕಾಲುಚೀಲದಲ್ಲಿ ಸುತ್ತಿ ಬ್ಯಾಗಿನ ತಳಕ್ಕಿಟ್ಟೆ. ಯಾರಿಗೂ ಹೇಳಬೇಡ ಅಂತ ಅವಳಿಗೂ ಹೇಳಿದೆ. ಎರಡನೇ ರಾತ್ರಿ ಉಬ್ಬಸ ಶುರುವಾಯಿತು. ನಾನು ಹೇಳಿದ್ದೆನಲ್ಲ, ಹುಡುಗಿ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಮಲಗಿದ್ದ ಗೆಳತಿ ಓಡಿ ಹೋಗಿ ಟೀಚರ್‌ನ ಎಬ್ಬಿಸಿದಳು. ಶಾಲೆಯವರ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇನ್‌ಹೇಲರ್ ಇದ್ದದ್ದರಿಂದ ಬಚಾವಾದಳು.

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಮಳೆಯಲ್ಲಿ ಮೂರು ಗಂಟೆ ಕಾರು ಓಡಿಸಿದೆ. ಮಗಳು ಅಡುಗೆಮನೆಯ ಹೀಟರ್ ಮುಂದೆ ಕಂಬಳಿ ಹೊದ್ದು ಕೂತಿದ್ದಳು. ಟೀಚರ್ ಪಕ್ಕದಲ್ಲೇ ಕೂತು, ಎಷ್ಟು ಹೊತ್ತಿಗೆ ಎಷ್ಟು ಪಫ್ ಕೊಟ್ಟೆ, ಉಸಿರು ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆಯುತ್ತಿದ್ದರು. ಬೈಯಲಿಲ್ಲ. "ಮೊದಲೇ ಗೊತ್ತಿದ್ದರೆ ಇವಳನ್ನು ನನ್ನ ಪಕ್ಕದ ರೂಮಿನಲ್ಲೇ ಮಲಗಿಸುತ್ತಿದ್ದೆ" ಅಂದರು, ಅಷ್ಟೇ. ಪೆಟ್ರೋಲು, ಮೋಟೆಲ್ ಬಾಡಿಗೆ, ನನ್ನ ಎರಡು ದಿನದ ಸಂಬಳ ಎಲ್ಲಾ ಹೋಯಿತು. ಅದು ಹೋಗಲಿ. ಆ ಗೆಳತಿ ಎಚ್ಚರ ಆಗದೇ ಇದ್ದಿದ್ದರೆ ಏನು ಗತಿ ಅಂತ ಇವತ್ತಿಗೂ ನೆನೆದರೆ ಎದೆ ನಡುಗುತ್ತದೆ.

ಮಕ್ಕಳನ್ನು ಹೊರಗಿಡಲು ಆ ಫಾರಂ ಕೇಳುವುದಿಲ್ಲ. ಯಾರು ಎಲ್ಲಿ ಮಲಗಬೇಕು, ಯಾವ ಔಷಧಿ ಯಾರ ಕೈಯಲ್ಲಿರಬೇಕು, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅನ್ನುವುದನ್ನೆಲ್ಲ ಅದನ್ನು ನೋಡಿಯೇ ಗೊತ್ತು ಮಾಡುತ್ತಾರೆ. ಹೀಗೆ ಏನೇನು ಅಪಾಯ, ಅದಕ್ಕೆ ಏನು ಉಪಾಯ ಅಂತ ಬರೆದಿಡುವ ಪಟ್ಟಿಗೆ ಇಲ್ಲಿ "ರಾಮ್ಸ್" ಅನ್ನುತ್ತಾರೆ. ತೋರಿಸಿ ಅಂತ ಧೈರ್ಯವಾಗಿ ಕೇಳಿ, ಯಾರೂ ತಪ್ಪು ತಿಳಿಯಲ್ಲ.

ಊರಿಂದ ತಂದ ಬಿಡಿ ಮಾತ್ರೆ, ಸ್ಟ್ರಿಪ್ ಕಳಿಸಬೇಡಿ. ಮಗುವಿನ ಹೆಸರು, ಎಷ್ಟು ಕೊಡಬೇಕು ಅನ್ನುವುದು ಇರುವ ಇಲ್ಲಿನ ಫಾರ್ಮಸಿ ಲೇಬಲ್ ಬೇಕು. ನೀವು ನೋಂದಾಯಿಸಿದ ಡಾಕ್ಟರ ಹತ್ತಿರ 14 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಫೀಸೇ ಇಲ್ಲ. ಆಸ್ತಮಾ ಇದ್ದರೆ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಅವರಿಂದಲೇ ಬರೆಸಿಕೊಳ್ಳಿ.

ಇನ್ನು ಬಟ್ಟೆ. ಹತ್ತಿ ಮಿಲ್ಲುಗಳ ಊರಿನವರು ನಾವು, ಹತ್ತಿಯೇ ಮೈಗೆ ಒಳ್ಳೇದು ಅಂತ ನಂಬಿ ಬೆಳೆದವರು. ಇಲ್ಲಿನ ಬೆಟ್ಟದಲ್ಲಿ ಹತ್ತಿ ಬಟ್ಟೆ, ಜೀನ್ಸ್ ಒದ್ದೆಯಾದರೆ ಬೇಗ ಒಣಗಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆ ಅಥವಾ ಪಾಲಿಪ್ರೊಪಿಲೀನ್ ಅನ್ನುವ ಬೇಗ ಒಣಗುವ ಕೃತಕ ನೂಲಿನ ಬಟ್ಟೆ ಹಾಕಿಸಿ. ಸುಮ್ನೆ ಎಲ್ಲವನ್ನೂ ಕೊಳ್ಳಬೇಡಿ. ರೇನ್‌ಕೋಟು, ಸ್ಲೀಪಿಂಗ್ ಬ್ಯಾಗು ಎಷ್ಟೋ ಶಾಲೆಗಳಲ್ಲಿ ಎರವಲು ಸಿಗುತ್ತವೆ. ತಿಂಡಿ ಡಬ್ಬಿಗೆ ಶೇಂಗಾ ಹಾಕಿದ ಖಾರ ಮಂಡಕ್ಕಿ ತುಂಬುವ ಮುಂಚೆ ಒಮ್ಮೆ ಕೇಳಿ. ಬೇರೆ ಮಗುವಿಗೆ ಅಲರ್ಜಿ ಇರಬಹುದು.

ಮಳೆ ಅಂತ ಹೊಳೆಯ ಕಾರ್ಯಕ್ರಮ ರದ್ದಾದರೆ ದುಡ್ಡು ಹೋಯಿತು ಅಂತ ಜಗಳಕ್ಕೆ ಹೋಗಬೇಡಿ. 2008ರ ಏಪ್ರಿಲ್‌ನಲ್ಲಿ ಇಲ್ಲಿನ ಮಂಗಟೆಪೊಪೊ ಕಮರಿಯಲ್ಲಿ ಹೊಳೆ ಏಕಾಏಕಿ ಏರಿ ಆರು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ತೀರಿಕೊಂಡರು. ಆಮೇಲೆ ಇಲ್ಲಿ ಸಾಹಸ ಚಟುವಟಿಕೆ ನಡೆಸುವ ಸಂಸ್ಥೆಗಳಿಗೆ ತಪಾಸಣೆ, ನೋಂದಣಿ ಕಡ್ಡಾಯವಾಯಿತು. ನಮ್ಮಲ್ಲೂ 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಹೋದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಹೋದರಲ್ಲ.

ನಾವು ಶಾಲೆಯಲ್ಲಿದ್ದಾಗ ದಾವಣಗೆರೆಯಿಂದ ದುರ್ಗದ ಕೋಟೆಗೆ ನಮ್ಮನ್ನು ಕರೆದೊಯ್ದಾಗ ಒಂದು ಬಸ್ಸಿಗೆ ಇಬ್ಬರೇ ಮೇಷ್ಟ್ರು. ಫಾರಂ ಇಲ್ಲ, ಪಟ್ಟಿ ಇಲ್ಲ. ಆದರೆ ಯಾರಿಗೆ ಉಬ್ಬಸ, ಯಾರಿಗೆ ತಲೆಸುತ್ತು ಅಂತ ಆ ಮೇಷ್ಟ್ರಿಗೆ ಗೊತ್ತಿತ್ತು, ಪ್ರತಿಯೊಬ್ಬರ ಮನೆಯೂ ಗೊತ್ತಿತ್ತು. ಆ ಸಲುಗೆ ಇಲ್ಲಿ ಇಲ್ಲ. ಆದರೂ ಮಕ್ಕಳ ಜೀವದ ವಿಷಯಕ್ಕೆ ಬಂದರೆ ಇಲ್ಲಿನ ಪದ್ಧತಿಯೇ ಮೇಲು ಅಂತ ನನ್ನ ಅಭಿಪ್ರಾಯ. ಇಲ್ಲಿನ ಟೀಚರಿಗೆ ನಿಮ್ಮ ಮನೆ ಗೊತ್ತಿಲ್ಲ, ನೀವು ಬರೆದದ್ದಷ್ಟೇ ಗೊತ್ತು.

ತಂಗಿ ಮಂಗಳವಾರ ಡಾಕ್ಟರ ಹತ್ತಿರ ಹೋಗಿ ಬಂದಳು. ಲೇಬಲ್ ಹಚ್ಚಿದ ಇನ್‌ಹೇಲರಿನ ಫೋಟೊ ಕಳಿಸಿದ್ದಾಳೆ.