ಮೊದಲು ಅರ್ಥಿಂಗ್, ಆಮೇಲೆ ಹೀಟ್ ಪಂಪ್: ಕಡಲಂಚಿನ ಮನೆಯೊಂದರಲ್ಲಿ ನನ್ನ ಅನುಭವ

ಕಾರವಾರದಿಂದ ಅಂಕೋಲಾವರೆಗೆ ಮನೆ, ಹೋಮ್‌ಸ್ಟೇಗಳ ವೈರಿಂಗ್ ಮಾಡುವುದು ನನ್ನ ಕೆಲಸ. ಈಚೆಗೆ ಬಿಸಿನೀರಿಗೆ ಹೀಟ್ ಪಂಪ್ ಕೇಳುವವರು ಜಾಸ್ತಿ ಆಗಿದ್ದಾರೆ. ಮಾಜಾಳಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಹೋಮ್‌ಸ್ಟೇಗೆ 200 ಲೀಟರಿನ ಯೂನಿಟ್ ಕೂರಿಸಿದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಹೀಟ್ ಪಂಪ್ ನಮ್ಮ ಕರಾವಳಿಗೆ ಚೆನ್ನಾಗಿ ಒಗ್ಗುತ್ತದೆ. ಫ್ರಿಜ್ ಒಳಗಿನ ಶಾಖವನ್ನು ಹಿಂಬದಿಗೆ ತಂದು ಬಿಡುತ್ತದಲ್ಲ, ಇದು ಹೊರಗಿನ ಗಾಳಿಯ ಶಾಖವನ್ನು ತಂದು ನೀರಿಗೆ ಕೊಡುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಕಂಪ್ರೆಸರ್‌ಗೆ ಕೆಲಸ ಕಡಿಮೆ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 7 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ ಬೇಕು. ಗೀಸರ್ ಆದರೆ ಆ 7 ಯೂನಿಟ್ಟೂ ಮೀಟರಿನಲ್ಲೇ ಓಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಪಟ್ಟು ಶಾಖ ಕೊಡುವ ಹೀಟ್ ಪಂಪಿಗೆ ಎರಡೂವರೆ ಯೂನಿಟ್ಟಿನ ಒಳಗೆ ಕೆಲಸ ಮುಗಿಯುತ್ತದೆ.

ಮಾಸ್ತರರು ಹಳೇ ಗೀಸರಿನ ಪಾಯಿಂಟ್ ತೋರಿಸಿದರು. "ತಮ್ಮಾ, ಇದಕ್ಕೇ ಸಿಕ್ಕಿಸಿಬಿಡು, ಹೊಸ ವೈರ್ ಯಾಕೆ ಸುಮ್ನೆ?" ಅಂದರು. ನಾನು ಆ ಸಾಕೆಟ್ ಬಿಚ್ಚಿ ಅವರಿಗೇ ತೋರಿಸಿದೆ. ಅರ್ಥ್ ಪಿನ್ನಿನಿಂದ ಒಂದು ಗೇಣು ಹಸಿರು ವೈರ್ ಬಂದು ಅಲ್ಲೇ ನ್ಯೂಟ್ರಲ್ ಸ್ಕ್ರೂಗೆ ಸೇರಿತ್ತು. ಹಿಂದೆ ಯಾರೋ ಅರ್ಥ್ ವೈರ್ ಎಳೆಯುವ ಬದಲು ಹೀಗೆ ಮುಗಿಸಿದ್ದರು. ಇದು ನಮ್ಮ ಕಡೆಯ ಹಳೇ ಮನೆಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕಂಬದಿಂದ ಬರುವ ನ್ಯೂಟ್ರಲ್ ಗಾಳಿಮಳೆಗೆ ಕಡಿದು ಹೋಯಿತು ಅಂದುಕೊಳ್ಳಿ. ಆನ್ ಇರುವ ಬಲ್ಬು, ಫ್ಯಾನಿನ ಮೂಲಕ ಫೇಸ್ ಆ ನ್ಯೂಟ್ರಲ್‌ಗೆ ಬರುತ್ತದೆ, ಅಲ್ಲಿಂದ ಗೀಸರಿನ ಲೋಹದ ಮೈಗೆ, ಅಲ್ಲಿಂದ ನಲ್ಲಿಗೆ. ಒದ್ದೆ ಮೈಯಲ್ಲಿ ಆ ನಲ್ಲಿ ಮುಟ್ಟುವವರು ಯಾರು? ಎಲ್ಲಿಂದಲೋ ಬಂದ ಅತಿಥಿ, ಇಲ್ಲಾ ಮನೆಯ ಮಗು. ಮಾಸ್ತರರು ಮತ್ತೆ ಹಳೇ ಪಾಯಿಂಟಿನ ಮಾತೆತ್ತಲಿಲ್ಲ.

ಹಾಗಾಗಿ ಕೆಲಸ ಶುರುವಾಗಿದ್ದು ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿ ತೋಡುವುದರಿಂದ. ಅಲ್ಲಿ ಮೇಲೆ ಮರಳು, ಕೆಳಗೆ ಚಿರೇಕಲ್ಲು. ಬೇಸಿಗೆಯಲ್ಲಿ ಎರಡೂ ಒಣಗಿ ಕರೆಂಟಿಗೆ ದಾರಿ ಕೊಡುವುದಿಲ್ಲ. ಅದಕ್ಕೇ ಅರ್ಥಿಂಗ್ ಅಳೆಯುವುದಾದರೆ ಮೇ ತಿಂಗಳಲ್ಲೇ ಅಳೆಯಬೇಕು. ಮಳೆಗಾಲದಲ್ಲಿ ಎಲ್ಲ ಗುಂಡಿಯೂ ಒಳ್ಳೆಯ ಅಳತೆಯನ್ನೇ ತೋರಿಸುತ್ತದೆ. ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಉಪ್ಪು-ಇದ್ದಿಲಿನ ಬದಲು ಬೆಂಟೋನೈಟ್ ಅನ್ನುವ, ತೇವ ಹಿಡಿದಿಡುವ ಜೇಡಿಮಣ್ಣಿನ ಪುಡಿ ತುಂಬಿದೆ. ಕಡಲಂಚಿನಲ್ಲಿ ಮೊದಲೇ ಪೈಪ್ ಬೇಗ ತುಕ್ಕು ಹಿಡಿಯುತ್ತದೆ, ಉಪ್ಪು ಸೇರಿದರೆ ಕೇಳುವುದೇ ಬೇಡ. ಒಂದು ಪೈಪಿಗೆ ಅಳತೆ ನನಗೆ ಸಮಾಧಾನ ತರಲಿಲ್ಲ. ಪೈಪಿನ ಉದ್ದದ ಎರಡು ಪಟ್ಟು ದೂರ ಬಿಟ್ಟು ಇನ್ನೊಂದು ಇಳಿಸಿ, ಎರಡನ್ನೂ ಸೇರಿಸಿದೆ. ಆಮೇಲೆ ಅರ್ಥ್ ಟೆಸ್ಟರ್ 5 ಓಮಿಗಿಂತ ಕೆಳಗೆ ತೋರಿಸಿತು. ಈ ಅಳತೆ ಕಡಿಮೆ ಇದ್ದಷ್ಟೂ ಒಳ್ಳೆಯದು.

"ಆರ್‌ಸಿಸಿಬಿ ಹಾಕಿದ ಮೇಲೆ ಅರ್ಥಿಂಗ್ ಯಾಕೆ?" ಅಂತ ಕೇಳುವವರಿದ್ದಾರೆ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್. ಅರ್ಥಿಂಗ್ ಇದ್ದರೆ ಲೀಕೇಜ್ ಆದ ಕ್ಷಣವೇ ಕರೆಂಟ್ ಮಣ್ಣಿಗೆ ಹರಿದು ಆರ್‌ಸಿಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಆ ಲೀಕೇಜ್ ಯಾರಾದರೂ ಬಂದು ಮುಟ್ಟುವವರೆಗೆ ಕಾದು ಕೂತಿರುತ್ತದೆ. ಎರಡೂ ಬೇಕು.

ಮೇನ್ ಬೋರ್ಡಿನಿಂದ ಈ ಯೂನಿಟ್ಟಿಗೆ ಬೇರೆಯದೇ ಲೈನ್ ಎಳೆದೆ. ಕಂಪ್ರೆಸರ್ ಎಳೆಯುವುದು ಒಂದು ಕಿಲೋವ್ಯಾಟ್ ಅಷ್ಟೇ. ಆದರೆ ಒಳಗೆ ಸಹಾಯಕ್ಕೆ ಹೀಟಿಂಗ್ ಕಾಯಿಲ್ ಕೂಡ ಇದೆ. ಎರಡೂ ಒಟ್ಟಿಗೆ ಓಡಿದರೆ ಎಷ್ಟು ಆಂಪಿಯರ್ ಅನ್ನುವುದನ್ನು ನೇಮ್‌ಪ್ಲೇಟ್ ನೋಡಿಯೇ ಲೆಕ್ಕ ಹಾಕಬೇಕು. ದೂರವೂ ಇತ್ತು ಅಂತ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದೆ. ಕರೆಂಟ್ ಕೊಟ್ಟ ಕ್ಷಣ ಒಳಗಿನ ಕೆಪಾಸಿಟರ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಅಷ್ಟಕ್ಕೇ ಬೀಳದಿರಲಿ ಅಂತ 16 ಆಂಪಿಯರಿನ ಸಿ ಕರ್ವ್ ಎಂಸಿಬಿ (ಲೋಡ್ ಮೀರಿದರೆ ಲೈನ್ ಕಡಿಯುವ ಸ್ವಿಚ್). ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇದು ಬೇಕಾದಂತೆ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್ ಆದ್ದರಿಂದ ಸಾದಾ ಎಸಿ ಟೈಪ್ ಆರ್‌ಸಿಸಿಬಿ ಸಾಲದು, ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಎ ಟೈಪ್ ತರಿಸಿದೆ. ಯೂನಿಟ್ ಪಕ್ಕದಲ್ಲೇ, ಕಣ್ಣಿಗೆ ಕಾಣುವಂತೆ, ಫೇಸ್-ನ್ಯೂಟ್ರಲ್ ಎರಡನ್ನೂ ಕಡಿಯುವ ಐಸೋಲೇಟರ್ ಇಟ್ಟೆ. ಮುಂದೆ ರಿಪೇರಿಗೆ ಬರುವ ಹುಡುಗ ಒಳಗಿನ ಬೋರ್ಡನ್ನು ನಂಬಿಕೊಂಡು ಕೈ ಹಾಕುವಂತಾಗಬಾರದು.

ಬೋರ್ಡಿಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಲಾಕ್ ಹಾಕಿ, ಬೀಗದ ಕೈ ಜೇಬಿಗಿಟ್ಟುಕೊಂಡೆ. ಕರೆಂಟ್ ಇಲ್ಲ ಅನ್ನುವುದಕ್ಕೆ ಸ್ಕ್ರೂಡ್ರೈವರ್ ಟೆಸ್ಟರ್ ಒಂದನ್ನೇ ನಾನು ನಂಬುವುದಿಲ್ಲ. ಕರೆಂಟ್ ಇರುವ ಜಾಗದಲ್ಲಿ ಮೊದಲು ಮಲ್ಟಿಮೀಟರ್ ಸರಿ ಇದೆಯಾ ನೋಡುತ್ತೇನೆ. ಆಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆಯುತ್ತೇನೆ. ಕೊನೆಗೆ ಮತ್ತೆ ಕರೆಂಟ್ ಇರುವಲ್ಲಿ ಮೀಟರ್ ಪರೀಕ್ಷೆ. ಮನೆಯಲ್ಲಿ ಬ್ಯಾಟರಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಲೇಬೇಕು. ಹೆಸ್ಕಾಂ ಕರೆಂಟ್ ಹೋಗಿದ್ದರೂ ಅದರ ಲೈನಿನಲ್ಲಿ 230 ವೋಲ್ಟ್ ಇರುತ್ತದೆ. ಯೂನಿಟ್ಟಿನೊಳಗಿನ ಕೆಪಾಸಿಟರ್ ಕೂಡ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿರುತ್ತದೆ. ಮುಚ್ಚಳದ ಮೇಲೆ ಎಷ್ಟು ನಿಮಿಷ ಕಾಯಿರಿ ಅಂತ ಬರೆದಿದ್ದಾರೋ ಅಷ್ಟು ಕಾಯಬೇಕು.

ಯೂನಿಟ್ ಇಡುವ ಜಾಗಕ್ಕೆ ಜಾಸ್ತಿ ಚರ್ಚೆ ಆಯಿತು. ಮಾಸ್ತರರು ತೋರಿಸಿದ ಜಾಗ ತೆಂಗಿನ ಮರದ ಬುಡ. ಕಾಯಿ, ಗರಿ ಬಿದ್ದರೆ ಫ್ಯಾನ್ ಉಳಿಯುವುದಿಲ್ಲ. ಕಡಲ ಗಾಳಿ ನೇರ ಬಡಿಯದ ಪೂರ್ವದ ಗೋಡೆ ಹಿಡಿದು, ಚಿರೇಕಲ್ಲಿನ ಕಟ್ಟೆ ಕಟ್ಟಿ ಒಂದಡಿ ಎತ್ತರಿಸಿದೆವು. ಮಳೆ ಬೀಳುತ್ತದೆ ಅಂತ ಸುತ್ತ ತಗಡು ಮುಚ್ಚಬಾರದು. ಬಿಟ್ಟ ತಣ್ಣನೆ ಗಾಳಿಯನ್ನೇ ಯೂನಿಟ್ ಮತ್ತೆ ಎಳೆದುಕೊಂಡರೆ ನೀರು ಕಾಯುವುದಿಲ್ಲ. ಬೋಲ್ಟ್, ನಟ್ ಎಲ್ಲ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯದ 316 ಸ್ಟೇನ್‌ಲೆಸ್ ಸ್ಟೀಲ್. ಕೇಬಲ್ ಡಬ್ಬಿಯ ಕೆಳಗಿನಿಂದ ಒಳಹೋಗಬೇಕು, ಹೋಗುವ ಮುಂಚೆ ಸ್ವಲ್ಪ ಜೋತು ಬಿಡಬೇಕು. ಆಗ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೇಬಲ್ ಒಳಹೋಗುವ ತೂತು ಮುಚ್ಚುವ ಗ್ಲ್ಯಾಂಡ್ ಗಟ್ಟಿ ಬಿಗಿಯದಿದ್ದರೆ ಇರುವೆ, ಹಲ್ಲಿ ಸೇರಿಕೊಂಡು ಸರ್ಕ್ಯೂಟ್ ಬೋರ್ಡ್ ಸುಡುತ್ತವೆ.

ಯೂನಿಟ್ ಒಳಗೆ ಶಾಖ ಹೊತ್ತು ತಿರುಗುವ ಗ್ಯಾಸಿನ ಕೆಲಸ ನಾನು ಮಾಡುವುದಿಲ್ಲ. ಈ ಯೂನಿಟ್ ಒಂದೇ ಪೆಟ್ಟಿಗೆಯದು, ಗ್ಯಾಸ್ ಕಾರ್ಖಾನೆಯಲ್ಲೇ ತುಂಬಿ ಬರುತ್ತದೆ. ಎರಡು ಭಾಗದ್ದಾದರೆ ಅದಕ್ಕೆ ತರಬೇತಿ ಆದವರನ್ನೇ ಕರೆಸಿ. ಇವುಗಳಲ್ಲಿ ಬಳಸುವ ಆರ್-32 ಸುಲಭವಾಗಿ ಹೊತ್ತಿಕೊಳ್ಳದಿದ್ದರೂ ಉರಿಯುವ ಗ್ಯಾಸೇ. ಆರ್-290 ಅಂದರೆ ಪ್ರೊಪೇನ್, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಜೋಡಣೆ ಮುಗಿದ ಮೇಲೆ ಯೂನಿಟ್ ಕಡೆಯ ತುದಿ ಬಿಚ್ಚಿಟ್ಟು, 500 ವೋಲ್ಟಿನ ಮೆಗ್ಗರ್‌ನಲ್ಲಿ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಕೇಬಲ್ ಪರೀಕ್ಷಿಸಿದೆ. ಯೂನಿಟ್ ಸೇರಿಸಿಕೊಂಡೇ ಮೆಗ್ಗರ್ ಮಾಡಿದರೆ ಎಲೆಕ್ಟ್ರಾನಿಕ್ಸ್ ಹೋಗುತ್ತದೆ. ಪ್ರತಿ ವೈರಿಗೂ ಲಗ್ ಹೊಡೆದು, ಸ್ಕ್ರೂ ಬಿಗಿದು, ಕೈಯಲ್ಲಿ ಎಳೆದು ನೋಡಿದೆ. ಸಡಿಲ ಸ್ಕ್ರೂ ಬಿಸಿಯಾಗಿ ಬೋರ್ಡ್ ಸುಟ್ಟಿದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಟ್ಯಾಂಕ್ ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಇಲ್ಲದೆ ನೀರು ಬಂದ ಮೇಲೆಯೇ ಕರೆಂಟ್ ಕೊಟ್ಟೆ. ಪ್ರೆಶರ್ ವಾಲ್ವಿನ ಪೈಪು ಕೆಳಮುಖವಾಗಿ ತೆರೆದೇ ಇರಬೇಕು. ತೊಟ್ಟಿಕ್ಕುತ್ತದೆ ಅಂತ ಅದಕ್ಕೆ ಬಿರಡೆ ಹಾಕಿದರೆ ಟ್ಯಾಂಕೇ ಸಿಡಿಯಬಹುದು. ಇದನ್ನು ಮಾಸ್ತರರಿಗೂ, ಕೆಲಸದವರಿಗೂ ಒತ್ತಿ ಹೇಳಿದೆ.

ಶಿರಸಿ, ಸಿದ್ದಾಪುರ ಕಡೆಯವರಿಗೆ ಒಂದು ಮಾತು. ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ, ಮಳೆಗಾಲಕ್ಕೆ ಮುಂಚೆ ಸಿಡಿಲಿನ ಕಾಟ. ವೋಲ್ಟೇಜ್ ಏರಿಳಿದರೆ ಕಡಿದು, ಮೂರು ನಿಮಿಷ ಬಿಟ್ಟು ಮತ್ತೆ ಕೊಡುವ ರಿಲೇ ಹಾಕಿಸಿ. ಬೋರ್ಡಿನಲ್ಲಿ, ಸಿಡಿಲಿನಿಂದ ಲೈನಿಗೆ ನುಗ್ಗುವ ವೋಲ್ಟೇಜನ್ನು ಮಣ್ಣಿಗೆ ಹರಿಸುವ ಟೈಪ್ 2 ಸರ್ಜ್ ಅರೆಸ್ಟರ್ ಕೂಡ ಇರಲಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದೂ ಕೆಲಸ ಮಾಡುವುದಿಲ್ಲ.

ಈಗ ಮಾಸ್ತರರು ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುತ್ತಾರೆ. ಯೂನಿಟ್ ಆಫ್ ಮಾಡಿ ಫಿನ್‌ಗಳ ಮೇಲಿನ ಉಪ್ಪನ್ನು ಸಿಹಿನೀರಿನಿಂದ ತೊಳೆಯುತ್ತಾರೆ. ಅವರ ಬಾವಿಯ ನೀರು ಸ್ವಲ್ಪ ಸವಳು. ಅದಕ್ಕೆ ತುಕ್ಕಿನಿಂದ ಟ್ಯಾಂಕ್ ಉಳಿಸಲು ತಾನೇ ಸವೆಯುವ ಆನೋಡ್ ರಾಡ್ ಎಷ್ಟು ಸವೆದಿದೆ ಅಂತ ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಕೆಲಸ ನನ್ನದು. ಮೇ ತಿಂಗಳಲ್ಲಿ ಹೋದಾಗ ಗುಂಡಿಯ ಅಳತೆಯನ್ನೂ ಮತ್ತೆ ತೆಗೆದು, ಬೋರ್ಡಿನ ಬಾಗಿಲ ಒಳಗಿನ ಚೀಟಿಯಲ್ಲಿ ಬರೆದು ಬರುತ್ತೇನೆ.